ಗೋಡೆಗಿಂತ ದಪ್ಪ ಅಕ್ಷರ

ಮೇಸ್ತ್ರಿ ಪ್ರಿಂಟನ್ನು ಕಣ್ಣಿಗೆ ಹತ್ತಿರ ಹಿಡಿದರು, ಆಮೇಲೆ ಕೈ ಚಾಚಿ ದೂರ ಹಿಡಿದರು, ಕೊನೆಗೆ ನನ್ನ ಕೈಗೇ ಕೊಟ್ಟು "ಸಾರ್, ಇದೇನು ಅಳತೆನಾ, ಇರುವೆ ಸಾಲಾ? ನೀವೇ ಓದಿ ಹೇಳಿಬಿಡಿ" ಎಂದರು. 30×40 ಸೈಟಿನ ಸಾಧಾರಣ ಮನೆ ಅದು. ತಪ್ಪು ನನ್ನದೇ. ಎ1 ಹಾಳೆಗೆ ಅಂತ ಮಾಡಿದ್ದ ಡ್ರಾಯಿಂಗನ್ನು ಅವಸರದಲ್ಲಿ 'ಫಿಟ್ ಟು ಪೇಪರ್' ಒತ್ತಿ, ಉದ್ದಗಲ ಅದರ ಅರ್ಧದಷ್ಟೇ ಇರುವ ಎ3ಯಲ್ಲಿ ತೆಗೆಸಿದ್ದೆ. 2.5 ಮಿ.ಮೀ. ಇರಬೇಕಾದ ಅಕ್ಷರ 1.25ಕ್ಕೆ ಇಳಿದಿತ್ತು. ಕೆಳಗೆ ಸ್ಕೇಲ್ 1:50, ಅಂದರೆ ಕಾಗದದ ಒಂದು ಮಿ.ಮೀ.ಗೆ ಮನೆಯ 50 ಮಿ.ಮೀ., ಅಂತ ಬರೆದಿದ್ದೂ ಸುಳ್ಳಾಗಿತ್ತು, ಯಾಕೆಂದರೆ ಆ ಹಾಳೆಯಲ್ಲಿ ಅದು ಈಗ 1:100.

ಗಡಿಬಿಡಿ ಒತ್ತಟ್ಟಿಗಿರಲಿ, ಇದರ ಬೇರು ಇನ್ನೂ ಆಳದಲ್ಲಿದೆ. ಪ್ಲ್ಯಾನಿನಲ್ಲಿರುವ ಗೋಡೆ, ಬಾಗಿಲು, ಮೆಟ್ಟಿಲು ಎಲ್ಲಕ್ಕೂ ನಿಜವಾದ ಅಳತೆ ಇದೆ. ಆದರೆ 'ಅಡುಗೆ ಮನೆ' ಅನ್ನುವ ಪದ ಆ ಮನೆಯಲ್ಲಿ ಎಲ್ಲಿದೆ ಹೇಳಿ? ಎಲ್ಲೂ ಇಲ್ಲ. ಅದು ಇರುವುದು ಕಾಗದದ ಮೇಲೆ, ಓದುವವರ ಕಣ್ಣಿಗಾಗಿ.

ಡ್ರಾಯಿಂಗ್ ಬೋರ್ಡಿನ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. ಮೊದಲು ಸ್ಕೇಲ್ ನಿರ್ಧಾರ, ಆಮೇಲೆ ಗೆರೆ, ಆಮೇಲೆ ಸ್ಟೆನ್ಸಿಲ್ ಇಟ್ಟು ಅಕ್ಷರ. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ಕ್ಯಾಡ್ ಬಂದ ಮೇಲೆ ಮನೆಯನ್ನು ನಿಜವಾದ ಅಳತೆಯಲ್ಲೇ ಬರೆಯುತ್ತೇವೆ, ಕುಗ್ಗಿಸುವುದು ಪ್ರಿಂಟ್ ತೆಗೆಯುವಾಗ. ಹಾಗಾಗಿ ಮನೆಯ ಜೊತೆ ಅಕ್ಷರವೂ ಕುಗ್ಗುತ್ತದೆ. 1:100ರಲ್ಲಿ 2.5 ಮಿ.ಮೀ. ಕಾಣಬೇಕಾದ ಅಕ್ಷರವನ್ನು ಅಲ್ಲಿ 250 ಮಿ.ಮೀ. ಎತ್ತರ ಬರೆಯಬೇಕು. ನಮ್ಮ ಒಂಬತ್ತಿಂಚಿನ ಗೋಡೆ ಸುಮಾರು 230 ಮಿ.ಮೀ., ಅಂದರೆ ಅಕ್ಷರ ಗೋಡೆಗಿಂತ ದಪ್ಪ! 1:50ಕ್ಕೆ 125 ಸಾಕು. ಮೆಟ್ಟಿಲಿನ ವಿವರ 1:20ರಲ್ಲಿದ್ದರೆ 50.

ಒಂದೇ ಹಾಳೆ, ಒಂದೇ ಸ್ಕೇಲ್ ಆದರೆ ಗುಣಾಕಾರ ಬಂದರೆ ಸಾಕು. ಆದರೆ ಅದೇ ಅಡುಗೆ ಮನೆ ಒಂದು ಹಾಳೆಯಲ್ಲಿ ಪೂರ್ತಿ ಪ್ಲ್ಯಾನಿನ ಭಾಗವಾಗಿ 1:100ರಲ್ಲಿ, ಇನ್ನೊಂದರಲ್ಲಿ ಟೈಲ್ಸ್ ತೋರಿಸೋಕೆ 1:50ರಲ್ಲಿ ಬರುತ್ತದೆ. ಮೊದಲನೆಯದಕ್ಕೆ ಸರಿಹೋದ 250ರ ಅಕ್ಷರ ಎರಡನೆಯದರಲ್ಲಿ 5 ಮಿ.ಮೀ. ಆಗಿ ಸಿಂಕಿನ ಮೇಲೆ ಕೂತುಬಿಡುತ್ತದೆ.

ಕ್ಯಾಡ್ ಸಾಫ್ಟ್‌ವೇರ್‌ಗಳಲ್ಲಿ ಒಂದಾದ ಆಟೋಕ್ಯಾಡ್ ಬಂದಿದ್ದು 1982ರಲ್ಲಿ. ಮನೆ ಬರೆಯುವ ಜಾಗ ಬೇರೆ, ಹಾಳೆ ಜೋಡಿಸುವ ಜಾಗ ಬೇರೆ ಅನ್ನುವ ಏರ್ಪಾಡು 1990ರ ರಿಲೀಸ್ 11ರಲ್ಲಿ ಬಂತು. ಮನೆ ಇರುವುದು ಮಾಡೆಲ್‌ನಲ್ಲಿ. ಲೇಔಟ್ ಅಂದರೆ ಹಾಳೆ, ಅದರಲ್ಲಿ ಕಿಟಕಿಯಂಥ ವ್ಯೂಪೋರ್ಟ್‌ಗಳು, ಒಂದೊಂದು ಕಿಟಕಿಯಿಂದಲೂ ಒಂದೊಂದು ಸ್ಕೇಲಿನಲ್ಲಿ ಅದೇ ಮನೆ ಕಾಣುತ್ತದೆ. ಆಗ ಅಕ್ಷರವನ್ನು ಹಾಳೆಯ ಮೇಲೆಯೇ 2.5 ಅಂತ ಬರೆದುಬಿಡಬಹುದಲ್ವಾ? ಬರೆಯಬಹುದು. ಟಿಪ್ಪಣಿ, ಶೀರ್ಷಿಕೆ, ಸೆಕ್ಷನ್ ಹೆಸರಿಗೆಲ್ಲ ಅದೇ ಒಳ್ಳೆಯದು. ಆದರೆ ಯಾರಾದರೂ ಲಾಕ್ ಮಾಡದ ವ್ಯೂಪೋರ್ಟಿನೊಳಗೆ ಹೋಗಿ ಮನೆಯನ್ನು ಸ್ವಲ್ಪ ಸರಿಸಿದರೆ ಮುಗಿಯಿತು, 'ದೇವರ ಮನೆ' ಹೋಗಿ ಬಚ್ಚಲಲ್ಲಿ ನಿಲ್ಲುತ್ತದೆ.

ಇನ್ನೊಂದು ಹಳೆಯ ಉಪಾಯ, ಪ್ರತಿ ಸ್ಕೇಲಿಗೂ ಬೇರೆ ಲೇಯರ್, ಅಂದರೆ ಡ್ರಾಯಿಂಗಿನ ಪದರ, ಮಾಡಿ ಅದೇ ಅಕ್ಷರವನ್ನು ಎರಡೆರಡು ಸಲ ಬರೆದು, ಬೇಡದ್ದನ್ನು ಆಯಾ ವ್ಯೂಪೋರ್ಟಿನಲ್ಲಿ ಕಾಣದಂತೆ ಫ್ರೀಜ್ ಮಾಡುವುದು. ನಾನು ವರ್ಷಗಟ್ಟಲೆ ಹಾಗೇ ಮಾಡಿದೆ. ಇದರ ಅಪಾಯ ತಿದ್ದುವಾಗ ಗೊತ್ತಾಗುತ್ತದೆ. ಮನೆಯವರು ಕಿಟಕಿಯನ್ನು ನಾಲ್ಕು ಅಡಿಯಿಂದ ಐದು ಅಡಿ ಮಾಡಿಸುತ್ತಾರೆ, ನಾವು ಒಂದು ಲೇಯರಿನಲ್ಲಿ ತಿದ್ದುತ್ತೇವೆ, ಇನ್ನೊಂದು ಕಣ್ಣಿಗೇ ಬೀಳುವುದಿಲ್ಲ. ಈಗ ಒಂದೇ ಕಿಟಕಿಗೆ ಎರಡು ಅಗಲ.

ಫೋನಿನ ಮ್ಯಾಪ್ ಜೂಮ್ ಮಾಡಿ ನೋಡಿ. ಕೆರೆ ದೊಡ್ಡದಾಗುತ್ತದೆ, ರಸ್ತೆಗಳು ದೂರ ಸರಿಯುತ್ತವೆ, ಊರಿನ ಹೆಸರು ಮಾತ್ರ ಹೆಚ್ಚುಕಮ್ಮಿ ಅಷ್ಟೇ ಗಾತ್ರದಲ್ಲಿ ಉಳಿಯುತ್ತದೆ. ಹೆಸರು ಸ್ಕ್ರೀನಿಗೆ ಸೇರಿದ್ದು, ಊರಿಗಲ್ಲ ಅಂತ ಆ ಮ್ಯಾಪಿಗೆ ಗೊತ್ತು. ಆಟೋಕ್ಯಾಡ್ 2008 ಆವೃತ್ತಿಯಲ್ಲಿ ಬಂದ 'ಆನೊಟೇಟಿವ್' ಅಕ್ಷರದ ಹಿಂದಿನ ಯೋಚನೆಯೂ ಇದೇ. ಅಕ್ಷರಕ್ಕೆ ಕಾಗದದ ಮೇಲಿನ ಎತ್ತರ 2.5 ಅಂತ ಹೇಳಿ, ಯಾವ ಯಾವ ಸ್ಕೇಲಿನಲ್ಲಿ ಕಾಣಬೇಕು ಅಂತ ಪಟ್ಟಿ ಕೊಟ್ಟರೆ, ಗುಣಾಕಾರ ಅದೇ ಮಾಡಿಕೊಳ್ಳುತ್ತದೆ. ಅಕ್ಷರ ಇರುವುದು ಒಂದೇ, ಹಾಗಾಗಿ ತಿದ್ದುವುದೂ ಒಂದೇ ಸಲ. ಪಟ್ಟಿಯಲ್ಲಿ 1:50 ಸೇರಿಸೋಕೆ ಮರೆತರೆ ಆ ಹಾಳೆಯಲ್ಲಿ ಅಕ್ಷರವೇ ಮಾಯ, ಆಗ 'ಫೈಲ್ ಹಾಳಾಯ್ತು' ಅಂತ ಸುಮ್ನೆ ಗಾಬರಿಯಾಗಬೇಡಿ. ರೂಮಿನ ಹೆಸರು, ಅಳತೆಗಳಿಗೆ ನಾನೀಗ ಇದನ್ನೇ ಬಳಸುತ್ತೇನೆ.

ಅದೆಲ್ಲ ಸರಿ, 2.5 ಅನ್ನುವುದೇ ಎಲ್ಲಿಂದ ಬಂತು? ತಾಂತ್ರಿಕ ಡ್ರಾಯಿಂಗಿನ ಅಂತಾರಾಷ್ಟ್ರೀಯ ಮಾನಕ, ಐಎಸ್‌ಒ 3098, ಕೊಡುವ ಎತ್ತರಗಳು 1.8, 2.5, 3.5, 5, 7, 10 ಹೀಗೆ ಸಾಗುತ್ತವೆ. ಒಂದೊಂದೂ ಹಿಂದಿನದಕ್ಕಿಂತ ಸುಮಾರು 1.4 ಪಟ್ಟು, ಅಂದರೆ ಎರಡರ ವರ್ಗಮೂಲದಷ್ಟು. ಎ4, ಎ3, ಎ2 ಹಾಳೆಗಳ ಉದ್ದಗಲ ಬೆಳೆಯುವುದೂ ಅದೇ ಲೆಕ್ಕದಲ್ಲಿ. ಹಾಳೆಯನ್ನು ಒಂದು ಮೆಟ್ಟಿಲು ಇಳಿಸಿದರೆ ಅಕ್ಷರವೂ ಸರಿಯಾಗಿ ಒಂದು ಮೆಟ್ಟಿಲು ಇಳಿಯುತ್ತದೆ, 3.5 ಇದ್ದದ್ದು 2.5. ಪೆನ್ನಿನ ಗೆರೆಯ ದಪ್ಪವೂ 0.35, 0.25 ಅಂತ ಜೊತೆಯಲ್ಲೇ ಇಳಿಯುತ್ತದೆ. ಎ1ರಿಂದ ಎ3ಗೆ ಎರಡು ಮೆಟ್ಟಿಲು. ನಾನು ಅವತ್ತು 5 ಮಿ.ಮೀ. ಬರೆದಿದ್ದರೆ 2.5 ಉಳಿಯುತ್ತಿತ್ತು!

ಕಣ್ಣಿನ ಲೆಕ್ಕವೂ ಇದೆ. ಕಣ್ಣಿನ ಡಾಕ್ಟರ ಬೋರ್ಡಿನಲ್ಲಿ 6/6 ಸಾಲಿನ ಅಕ್ಷರ 6 ಮೀಟರ್ ದೂರಕ್ಕೆ ಸುಮಾರು 8.7 ಮಿ.ಮೀ. ಇರುತ್ತದೆ. ಸಾಮಾನ್ಯ ಕಣ್ಣಿಗೆ ಅದೇ ಗಡಿ ಅನ್ನುವುದು ಲೆಕ್ಕ. ಆ ಲೆಕ್ಕದಲ್ಲಿ ಒಂದೂವರೆ ಮೀಟರ್ ದೂರಕ್ಕೆ ಕನಿಷ್ಠ 2.2 ಮಿ.ಮೀ. ಬೇಕು. ಸೈಟಿನಲ್ಲಿ ಪ್ಲ್ಯಾನನ್ನು ಗೋಡೆಗೆ ಅಂಟಿಸಿ, ಕಂಬಿ ಕಟ್ಟುವವರು ಎರಡು ಹೆಜ್ಜೆ ಹಿಂದೆ ನಿಂತು ನೋಡುತ್ತಾರಲ್ಲ, ಅಲ್ಲಿಗೆ 2.5 ಹೇಗೋ ಸಾಕು. 1.25ರ ಅಕ್ಷರ ಒಂದು ಮೀಟರಿನೊಳಗೇ ಕೈಕೊಡುತ್ತದೆ, ಅದೂ ಬೆಳಕು ಚೆನ್ನಾಗಿದ್ದರೆ. ಸಂಜೆ ಐದೂವರೆಗೆ, ಸಿಮೆಂಟ್ ಧೂಳಿನಲ್ಲಿ, ಐವತ್ತು ದಾಟಿದ ಮೇಸ್ತ್ರಿಗೆ ಇರುವೆ ಸಾಲು ಕಂಡಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಕನ್ನಡದಲ್ಲಿ ಟಿಪ್ಪಣಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ಆ ಮಾನಕದ ಎತ್ತರ ಇಂಗ್ಲಿಷಿನ ದೊಡ್ಡಕ್ಷರಕ್ಕೆ ಹೇಳಿದ್ದು. ನಮ್ಮ ಒತ್ತಕ್ಷರ ಮೂಲ ಅಕ್ಷರದ ಕೆಳಗೆ, ಅದಕ್ಕಿಂತ ಚಿಕ್ಕದಾಗಿ ಕೂರುತ್ತದೆ. 'ಸ್ಲ್ಯಾಬ್' ಅಂತ ಬರೆದು ನೋಡಿ, ಒಂದೇ ಅಕ್ಷರಕ್ಕೆ ಎರಡು ಒತ್ತು, ದೊಡ್ಡ ಹಾಳೆ ಪ್ರಿಂಟ್ ಮಾಡುವ ಪ್ಲಾಟರ್ ಸ್ವಲ್ಪ ಮಸಿ ಹೆಚ್ಚು ಬಿಟ್ಟರೂ ಎಲ್ಲ ಸೇರಿ ಒಂದು ಚುಕ್ಕೆ. ಅದಕ್ಕೇ ಇಂಗ್ಲಿಷ್ 2.5 ಇದ್ದ ಕಡೆ ನಾನು ಕನ್ನಡಕ್ಕೆ 3.5 ಇಡುತ್ತೇನೆ, ಸಾಲುಗಳ ನಡುವೆ ಜಾಗ ಜಾಸ್ತಿ ಬಿಡುತ್ತೇನೆ. ಹಾಳೆ ಬೇಗ ತುಂಬುತ್ತದೆ ನಿಜ. ಆ ಮೇಸ್ತ್ರಿ ಮಾತ್ರ ಮುಂದಿನ ಮನೆಯ ಪ್ರಿಂಟನ್ನು ಗೋಡೆಗೆ ಅಂಟಿಸಿ, ದೂರ ನಿಂತು, ಟಿಪ್ಪಣಿಯನ್ನು ಗಟ್ಟಿಯಾಗಿ ಓದಿ ಮುಗಿಸಿ, "ಮೂರನೇ ಸಾಲಲ್ಲಿ ಕಾಗುಣಿತ ತಪ್ಪಿದೆ ಸಾರ್" ಎಂದರು.