ಒಂದು ಮೌಸ್, ಐದಾರು ಮಕ್ಕಳು

ಒಂದೇ ಕಂಪ್ಯೂಟರ್, ಸುತ್ತ ಐದಾರು ಮಕ್ಕಳು. ಮೌಸ್ ಮಾತ್ರ ಒಬ್ಬನ ಕೈಲಿ. ಅವನು ಬಿಡೋದಿಲ್ಲ, ಉಳಿದವರು ಸುಮ್ನೆ ನೋಡ್ತಾ ನಿಲ್ತಾರೆ. ಬಡ ಶಾಲೆಗಳ ಕಂಪ್ಯೂಟರ್ ಕೋಣೆಯಲ್ಲಿ ಇದು ಮಾಮೂಲಿ ನೋಟ. ಕಂಪ್ಯೂಟರ್ ವಿಜ್ಞಾನಿ ಕೆಂಟಾರೊ ತೊಯಾಮಾ ಅವರ ತಂಡ ಇದಕ್ಕೆ ಕೊಟ್ಟ ಉತ್ತರ ತುಂಬಾ ಸರಳ: ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸಿ, ಪರದೆ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಬಾಣ ಕೊಡಿ.

ತೊಯಾಮಾ ಯೇಲ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದ ಪಿಎಚ್‌ಡಿ ಮಾಡಿದವರು. 2005ರಲ್ಲಿ ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಅನ್ನೋ ಸಂಶೋಧನಾ ಕೇಂದ್ರ ಕಟ್ಟಿದವರಲ್ಲಿ ಒಬ್ಬರು. ಬಡವರಿಗೆ ಕಂಪ್ಯೂಟರ್ ಹೇಗೆ ಉಪಯೋಗಕ್ಕೆ ಬಂದೀತು ಅನ್ನೋದೇ ಅವರ ಗುಂಪಿನ ಕೆಲಸವಾಗಿತ್ತು.

ಆ ಕಾಲದಲ್ಲಿ ಈ ಬಗ್ಗೆ ಆಸೆ ಜಾಸ್ತಿ ಇತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ 'ಸಿಂಪ್ಯೂಟರ್' ಅನ್ನೋ ಅಗ್ಗದ, ಕೈಯಲ್ಲಿ ಹಿಡಿಯೋ ಕಂಪ್ಯೂಟರ್ ಮಾಡಿದ್ದರು. ಮಹಾರಾಷ್ಟ್ರದ ವಾರಣಾ ಕಬ್ಬಿನ ಸೀಮೆಯ ಹಳ್ಳಿಗಳಿಗೆ 1998ರಿಂದಲೇ ಕಂಪ್ಯೂಟರ್ ಕೇಂದ್ರಗಳು ಬಂದಿದ್ದವು. ಆದರೆ ವಾರಣಾದಲ್ಲಿ ನೋಡಿದರೆ, ರೈತರಿಗೆ ಬೇಕಿದ್ದದ್ದು ಮುಖ್ಯವಾಗಿ ಕಬ್ಬಿನ ತೂಕ, ಗೊಬ್ಬರದ ಲೆಕ್ಕ. ತೊಯಾಮಾ ತಂಡದವರು 7 ಹಳ್ಳಿಗಳಲ್ಲಿ ಅದೇ ಕೆಲಸವನ್ನು ಫೋನ್ ಎಸ್ಸೆಮ್ಮೆಸ್‌ನಲ್ಲಿ ಮಾಡಿಸಿದರು. ಖರ್ಚೂ ಇಳಿಯಿತು. ಇಷ್ಟಕ್ಕೆ ಅಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತಾ ಅನ್ನಿಸುತ್ತೆ, ಅಲ್ವಾ?

ಇಂಥ ಪ್ರಯೋಗಗಳನ್ನು ಹತ್ತಿರದಿಂದ ನೋಡ್ತಾ ನೋಡ್ತಾ ತೊಯಾಮಾ ಅವರ ನಂಬಿಕೆಯೇ ಬದಲಾಯಿತು. ಒಳ್ಳೆ ಮೇಷ್ಟ್ರು, ಕಾಳಜಿ ಇರೋ ಮುಖ್ಯೋಪಾಧ್ಯಾಯರು ಇದ್ದ ಕಡೆ ಕಂಪ್ಯೂಟರ್ ಕೆಲಸಕ್ಕೆ ಬರ್ತಿತ್ತು. ಇಲ್ಲದ ಕಡೆ ಧೂಳು ತಿನ್ನುತ್ತಿತ್ತು. ಮೈಕ್ ಇದ್ದ ಹಾಗೆ ಇದು: ಇದ್ದ ದನಿಯನ್ನು ದೊಡ್ಡದು ಮಾಡುತ್ತೆ, ಇಲ್ಲದ ದನಿಯನ್ನು ತರೋದಿಲ್ಲ. ಮುಂದೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಅವರು ಇದನ್ನೇ ವಾದವಾಗಿ ಬೆಳೆಸಿ, 2015ರಲ್ಲಿ ಪುಸ್ತಕ ಬರೆದರು. ತಾವೇ ವರ್ಷಗಟ್ಟಲೆ ದುಡಿದ ಕ್ಷೇತ್ರದ ಮಿತಿಯನ್ನು ಹೀಗೆ ಎಲ್ಲರೆದುರು ಹೇಳೋಕೆ ಧೈರ್ಯ ಬೇಕು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲೇ.

ಹಾಗಂತ ಎಲ್ಲವೂ ಸೋತಿತು ಅಂತಲ್ಲ. ಅದೇ ಗುಂಪಿನಲ್ಲಿ ರಿಕಿನ್ ಗಾಂಧಿ ಶುರು ಮಾಡಿದ, ರೈತರಿಗೆ ವಿಡಿಯೊ ತೋರಿಸಿ ಬೇಸಾಯದ ವಿಷಯ ಹೇಳೋ 'ಡಿಜಿಟಲ್ ಗ್ರೀನ್' ನಮ್ಮ ಕರ್ನಾಟಕದ 16 ಹಳ್ಳಿಗಳಲ್ಲೇ ಪರೀಕ್ಷೆಗೆ ಇಳಿಯಿತು. ಅದರಲ್ಲಿ 8 ಹಳ್ಳಿಗಳಲ್ಲಿ ವಿಡಿಯೊ ತೋರಿಸಿದರು, ಉಳಿದ 8 ಹೋಲಿಕೆಗೆ. ಬೇಕಿದ್ದದ್ದು ಒಂದು ಟೀವಿ, ಒಂದು ಡಿವಿಡಿ ಪ್ಲೇಯರ್. ಪರದೆ ಮೇಲೆ ದೊಡ್ಡ ತಜ್ಞರಿಲ್ಲ, ಅಕ್ಕಪಕ್ಕದ ಊರಿನ ರೈತರೇ ಇದ್ದರು. ನೋಡೋಕೆ ಕೂತವರು ಮೊದಲು ಕೇಳ್ತಿದ್ದದ್ದು ಬೆಳೆ ಬಗ್ಗೆ ಅಲ್ಲ, ಇವರು ಯಾರು, ಯಾವ ಊರಿನವರು ಅಂತ. ಅದಕ್ಕೆ ಉತ್ತರ ಹೇಳೋಕೆ, ನಡುವೆ ವಿಡಿಯೊ ನಿಲ್ಲಿಸಿ ಪ್ರಶ್ನೆ ಕೇಳೋಕೆ, ಟೀವಿ ಪಕ್ಕದಲ್ಲಿ ಊರಿನವರೇ ಒಬ್ಬರು ನಿಂತಿರ್ತಿದ್ದರು.