ಏಡಿ ತೋಡಿದ ಬಿಲದಿಂದಲೇ ಕೆಸರು ಕೊಚ್ಚಿಹೋಗುತ್ತದೆಯೇ?

ಪ್ರಶ್ನೆ: ಇಳಿತದ ಹೊತ್ತಿಗೆ ಅಳಿವೆಯ ಕೆಸರು ಬಯಲು ನೋಡಿದರೆ ಎಲ್ಲೆಲ್ಲೂ ತೂತು. ಏಡಿ, ಹುಳುಗಳು ಹೀಗೆ ತೋಡಿ ಸಡಿಲ ಮಾಡುವುದರಿಂದಲೇ ಮಣ್ಣು ಕೊಚ್ಚಿಹೋಗುವುದು, ಅಲ್ವಾ?

ಉತ್ತರ: ಅಲ್ಲ. ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಎಷ್ಟು ಸಲ ಹೇಳಿದರೂ ತಪ್ಪು ಬಿಲದ ತಲೆಗೇ ಬರುತ್ತದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಮೊದಲು ಕೆಸರನ್ನು ಹಿಡಿದಿಟ್ಟಿರುವುದು ಯಾವುದು ಅಂತ ನೋಡಿ. ನೀರು ಇಳಿದ ಮೇಲೆ ಕೆಸರಿನ ಮೇಲೆ ಕಂದು ಬಣ್ಣದ, ಹೊಳೆಯುವ ತೆಳು ಪದರ ಕಾಣುತ್ತದೆ. ಅದು ಕೊಳೆಯಲ್ಲ, ಡಯಾಟಮ್ ಎಂಬ ಒಂದೇ ಕೋಶದ ಪಾಚಿ. ಕೆಸರಿನಲ್ಲಿ ಜಾರಿ ಓಡಾಡಲು ಇವು ಲೋಳೆ ಬಿಡುತ್ತವೆ. ಗಂಜಿ ಹಾಕಿದ ಬಟ್ಟೆಯ ಹಾಗೆ ಮೇಲ್ಮಣ್ಣು ಬಿಗಿಯಾಗುವುದು ಈ ಲೋಳೆಯಿಂದಲೇ. ಪದರ ಚೆನ್ನಾಗಿದ್ದರೆ ಸಾಧಾರಣ ಹರಿವಿಗೆ ಕಣಗಳು ಸುಲಭವಾಗಿ ಏಳುವುದಿಲ್ಲ. ದೊಡ್ಡ ಅಲೆಗಳ ಮಾತು ಬೇರೆ.

ಹಾಗಾದರೆ ಈ ಪದರವನ್ನು ಮೇಯುವವರು ಯಾರು ಎಂದು ಕೇಳಬೇಕು. ಯುರೋಪಿನ ಕೆಸರು ಬಯಲುಗಳಲ್ಲಿ 5 ಮಿಲಿಮೀಟರ್ ಆಸುಪಾಸಿನ ಒಂದು ಬಸವನಹುಳು ಇದೆ. ಹೇಳಿಕೊಳ್ಳುವಂಥ ಬಿಲ ತೋಡುವುದಿಲ್ಲ, ಸುಮ್ನೆ ಮೇಲೆ ಹರಿದಾಡುತ್ತದೆ. ಆದರೆ ಒಂದು ಚದರ ಮೀಟರಿನಲ್ಲಿ ಸಾವಿರಾರು ಇರುತ್ತವೆ. ಪದರವನ್ನು ಮೇದು, ಹಗುರ ಹಿಕ್ಕೆ ಬಿಟ್ಟು ಮುಂದೆ ಹೋಗುತ್ತವೆ. ಭರತದ ನೀರಿಗೆ ಸುಲಭವಾಗಿ ಎದ್ದು ತೇಲುವುದು ಅದೇ. ಒಂದೂ ತೂತಿಲ್ಲದೆ ಕೆಸರು ಸಡಿಲವಾಯಿತು, ನೋಡಿ.

ಇನ್ನು ಬಿಲ. ಎಷ್ಟೋ ಹುಳುಗಳು ಬಿಲದ ಒಳಗೋಡೆಗೆ ಲೋಳೆ ಬಳಿಯುತ್ತವೆ, ಅದರಿಂದ ಗೋಡೆ ಗಟ್ಟಿಯಾಗುತ್ತದೆ. ತೋಡುವವುಗಳ ತಪ್ಪೇ ಇಲ್ಲ ಅನ್ನುತ್ತಿಲ್ಲ. ಅಡಿಯ ಮಣ್ಣನ್ನು ಅವು ಮೇಲೆ ತಂದು ಹಾಕುತ್ತವೆ, ಆ ರಾಶಿ ಸಡಿಲವೇ. ಒಂದು ಕೈ ಮಾತ್ರ ದೊಡ್ಡದಿರುವ ಏಡಿಯಂತೂ ಎರಡೂ ಕೆಲಸ ಮಾಡುತ್ತದೆ. ಬಿಲವನ್ನೂ ತೋಡುತ್ತದೆ, ಮೇಲ್ಪದರವನ್ನೂ ಕೆರೆದು ತಿನ್ನುತ್ತದೆ. ಬಿಲದ ಸುತ್ತ ಕಾಣುವ ಪುಟ್ಟ ಕೆಸರುಂಡೆಗಳಲ್ಲಿ ಜಾಸ್ತಿ ಪಾಲು ಅದು ತಿಂದು ಉಗುಳಿದ ಮಣ್ಣು.

ನನಗೆ ತುಂಬ ಇಷ್ಟವಾದ ಪುರಾವೆ ಕೆನಡಾದ ಫಂಡಿ ಕೊಲ್ಲಿಯದು. ಅಲ್ಲಿ ಉಬ್ಬರ ಇಳಿತಗಳ ಅಂತರ ಕೆಲವು ಕಡೆ 16 ಮೀಟರ್‌ವರೆಗೆ ಇರುತ್ತದೆ. ಕೆಸರಿನಲ್ಲಿ ಕೊರೋಫಿಯಮ್ ಎಂಬ, ಸುಮಾರು 1 ಸೆಂಟಿಮೀಟರ್ ಉದ್ದದ, ಸೀಗಡಿಯ ದೂರದ ನೆಂಟ ತುಂಬಿಕೊಂಡಿದೆ. ಬಿಲದಲ್ಲೇ ವಾಸ, ಡಯಾಟಮ್ ಊಟ. ಜುಲೈ ಕೊನೆಯ ಹೊತ್ತಿಗೆ ದಕ್ಷಿಣ ಅಮೆರಿಕಕ್ಕೆ ಹೊರಟ ಸಣ್ಣ ಉಲ್ಲಂಕಿ ಹಕ್ಕಿಗಳು ಲಕ್ಷಗಟ್ಟಲೆ ಇಳಿದು ಇವನ್ನು ತಿನ್ನತೊಡಗುತ್ತವೆ. 1989ರ ಬೇಸಿಗೆಯಲ್ಲಿ ವಿಜ್ಞಾನಿಗಳು ಅಲ್ಲೇ ಕೆಸರಿನ ಬಿಗಿತ ಅಳೆದರು. ಹಕ್ಕಿ ಬಂದವು, ಮೇಯುವವು ಕಡಿಮೆಯಾದವು, ಡಯಾಟಮ್ ಹೆಚ್ಚಿತು, ಕೆಸರು ಗಟ್ಟಿಯಾಯಿತು. ಹಕ್ಕಿಯ ಹೊಟ್ಟೆಗೂ ಮಣ್ಣಿನ ಬಿಗಿತಕ್ಕೂ ಇಂಥ ನಂಟು!

ಇಷ್ಟೆಲ್ಲ ಇದ್ದರೂ ಬಿಲದ ಮೇಲೆ ಯಾಕಿಷ್ಟು ಗುಮಾನಿ? ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಕುಮಟಾ ಕಡೆ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗದಂತೆ ತಡೆಯುವುದು ಮಣ್ಣಿನ ಒಡ್ಡು. ಅಂಥ ಒಡ್ಡಿನಲ್ಲಿ ಏಡಿ ಬಿಲ ನಿಜಕ್ಕೂ ಅಪಾಯ. ಉಬ್ಬರದಲ್ಲಿ ಹೊರಗಿನ ನೀರು ಎತ್ತರದಲ್ಲಿದ್ದು ಗದ್ದೆಯ ನೀರು ತಗ್ಗಿನಲ್ಲಿದ್ದರೆ, ಆ ವ್ಯತ್ಯಾಸವೇ ನೀರನ್ನು ಬಿಲದೊಳಗೆ ತಳ್ಳುತ್ತದೆ. ನೀರು ಹರಿದಷ್ಟೂ ತೂತು ಹಿಗ್ಗಿ, ಕೊನೆಗೆ ಒಡ್ಡು ಒಡೆಯುತ್ತದೆ. ಅಲ್ಲಿ ಬಿಲ ಕಂಡ ಕೂಡಲೇ ಜೇಡಿಮಣ್ಣು ತುಂಬಿ ಮೆಟ್ಟುವುದೇ ಸರಿ. ಅದೇ ಏಡಿ ಒಡ್ಡಿನಿಂದ ಇಳಿದು ಹೊರಗಿನ ಬಯಲಿನಲ್ಲಿ ತೋಡಿದರೆ, ಉಬ್ಬರದಲ್ಲಿ ಬಿಲದ ಎಲ್ಲ ಬಾಯಿಗಳ ಮೇಲೂ ಒಂದೇ ಮಟ್ಟದ ನೀರು. ಆ ಪಾಟಿ ತಳ್ಳುವ ಒತ್ತಡ ಎಲ್ಲಿಂದ ಬರಬೇಕು?