ಗ್ಲೈಡರ್‌ಗೆ ಒಳ್ಳೆಯ ದಿನ: ಮೋಡದ ತಳದ ಲೆಕ್ಕ

ಪುಣೆಯ ಹಡಪ್ಸರದಲ್ಲಿರುವ ಗ್ಲೈಡಿಂಗ್ ಕೇಂದ್ರದಲ್ಲಿ ಗ್ಲೈಡರನ್ನು, ಅಂದರೆ ಎಂಜಿನ್ ಇಲ್ಲದ ವಿಮಾನವನ್ನು, ವಿಂಚ್‌ನಿಂದ (ಕೇಬಲ್ ಸುತ್ತಿ ಎಳೆಯುವ ಯಂತ್ರ) ಎಳೆದು ಹಾರಿಸುತ್ತಾರೆ. ಕೇಬಲ್ ಕಳಚಿದಾಗ 300 ಮೀಟರ್ ಎತ್ತರದಲ್ಲಿದ್ದೀರಿ ಅಂತಿಟ್ಟುಕೊಳ್ಳಿ. ಮೇಲೇರುವ ಬಿಸಿಗಾಳಿ, ಅಂದರೆ ಥರ್ಮಲ್, ಸಿಗದಿದ್ದರೆ ಐದಾರು ನಿಮಿಷದಲ್ಲಿ ಕೆಳಗಿಳಿಯಬೇಕು. ಒಳ್ಳೆಯ ದಿನವಾದರೆ ಗಂಟೆಗಟ್ಟಲೆ ಮೇಲೇ ಇರಬಹುದು. ಆ ದಿನ ಥರ್ಮಲ್ ಎಷ್ಟು ಎತ್ತರ ಹೋದೀತು ಅನ್ನೋದನ್ನು ಬೆಳಗ್ಗೆಯೇ ಅಂದಾಜು ಮಾಡಬಹುದು.

ಲೆಕ್ಕ ಸುಲಭ. ಮಧ್ಯಾಹ್ನದ ಉಷ್ಣತೆಯಿಂದ ಡ್ಯೂ ಪಾಯಿಂಟ್, ಅಂದರೆ ಗಾಳಿಯಲ್ಲಿರುವ ಆವಿ ಹನಿಗಟ್ಟಲು ಶುರುವಾಗುವ ಉಷ್ಣತೆ, ಕಳೆಯಿರಿ. ಉಳಿದದ್ದನ್ನು 125ರಿಂದ ಗುಣಿಸಿ. ಅಷ್ಟು ಮೀಟರ್ ಎತ್ತರದಲ್ಲಿ ಮೋಡದ ತಳ, ಥರ್ಮಲ್ ಹಿಡಿದು ಅಲ್ಲಿವರೆಗೆ ಏರಬಹುದು. ಅಕ್ಟೋಬರಿನ ಒಂದು ದಿನ ಉಷ್ಣತೆ 32 ಡಿಗ್ರಿ, ಡ್ಯೂ ಪಾಯಿಂಟ್ 20 ಅಂದುಕೊಳ್ಳಿ. ವ್ಯತ್ಯಾಸ 12. ಮೋಡದ ತಳ 1500 ಮೀಟರ್.

ನನ್ನನ್ನು ತುಂಬಾ ಕಾಡಿದ್ದು ಈ 125. ಮೇಲೇರುವ ಗಾಳಿ ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿ ತಣ್ಣಗಾಗುತ್ತದೆ. ಹಾಗಾದರೆ 12 ಡಿಗ್ರಿ ಇಳಿಯಲು 1200 ಮೀಟರ್ ಸಾಕಲ್ವಾ? ಉಳಿದ 300 ಎಲ್ಲಿಂದ ಬಂತು?

ಉತ್ತರ ಇಲ್ಲಿದೆ: ಡ್ಯೂ ಪಾಯಿಂಟ್ ಕೂಡ ನಿಂತಲ್ಲಿ ನಿಲ್ಲುವುದಿಲ್ಲ. ಮೇಲೆ ಹೋದಂತೆ ಒತ್ತಡ ಕಡಿಮೆ, ಗಾಳಿ ಹಿಗ್ಗುತ್ತದೆ. ಅದರಲ್ಲಿರುವ ಆವಿ ಅಷ್ಟೇ, ಆದರೆ ಜಾಸ್ತಿ ಜಾಗದಲ್ಲಿ ಹರಡಿಕೊಂಡಿರುತ್ತದೆ. ಹಾಗಾಗಿ ಹನಿಗಟ್ಟಬೇಕಾದರೆ ಇನ್ನೂ ತಣ್ಣಗಾಗಬೇಕು. ಡ್ಯೂ ಪಾಯಿಂಟ್ 100 ಮೀಟರಿಗೆ ಸುಮಾರು 0.2 ಡಿಗ್ರಿ ಇಳಿಯುತ್ತದೆ. ಉಷ್ಣತೆ 1 ಡಿಗ್ರಿ ಇಳಿದರೂ ಅಂತರ ಮುಚ್ಚುವುದು 0.8 ಮಾತ್ರ. 100ನ್ನು 0.8ರಿಂದ ಭಾಗಿಸಿ, 125 ಬಂತು.

ನಂಬಿಕೆ ಬರದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ನೋಡಿ. 1000 ಮೀಟರಲ್ಲಿ ಉಷ್ಣತೆ 22, ಡ್ಯೂ ಪಾಯಿಂಟ್ 18. 1200ರಲ್ಲಿ 20 ಮತ್ತು 17.6, ಇನ್ನೂ ಸೇರಿಲ್ಲ. 1500ರಲ್ಲಿ ಎರಡೂ 17. ಅಲ್ಲಿ ಮೋಡ. ನನಗೆ ವಿಷಯ ಗಟ್ಟಿಯಾಗಿದ್ದು ಹೀಗೆ ಬರೆದು ನೋಡಿದ ಮೇಲೆಯೇ.

ಈ ಎತ್ತರ ನೆಲದಿಂದ ಅಳೆದದ್ದು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. ಎತ್ತರ ತೋರಿಸುವ ಆಲ್ಟಿಮೀಟರನ್ನು ಸಮುದ್ರಮಟ್ಟಕ್ಕೆ ಹೊಂದಿಸಿದ್ದರೆ ಅದನ್ನೂ ಕೂಡಿಸಿಕೊಳ್ಳಿ.

ಏಪ್ರಿಲ್‌ನಲ್ಲಿ 38 ಮತ್ತು 10 ಇದ್ದರೆ ಲೆಕ್ಕ 3500 ಮೀಟರ್ ಕೊಡುತ್ತದೆ. ಸುಮ್ನೆ ನಂಬಬೇಡಿ. ಮೇಲೆ ಎಲ್ಲೋ ಬೆಚ್ಚಗಿನ ಗಾಳಿಯ ಪದರವಿದ್ದರೆ ಥರ್ಮಲ್ ಅಲ್ಲೇ ನಿಂತುಬಿಡುತ್ತದೆ, ಮೋಡವೇ ಕಟ್ಟುವುದಿಲ್ಲ. ಆಗ ರೆಕ್ಕೆ ಬಡಿಯದೆ ಸುತ್ತುತ್ತಾ ಏರುವ ಹದ್ದುಗಳನ್ನು ಹುಡುಕಿ. ಅವು ಕೊಡುವ ಸುಳಿವು ನನಗೆ ತುಂಬಾ ಇಷ್ಟ.

ಥರ್ಮಲ್ ಸಿಕ್ಕ ಮೇಲೆ ಸುತ್ತು ಚಿಕ್ಕದಾಗಿರಲಿ. 80 ಕಿ.ಮೀ. ವೇಗದಲ್ಲಿ 30 ಡಿಗ್ರಿ ವಾಲಿದರೆ ಸುತ್ತಿನ ತ್ರಿಜ್ಯ ಸುಮಾರು 87 ಮೀಟರ್. 40 ಡಿಗ್ರಿ ವಾಲಿದರೆ 60. ಗಾಳಿ ಜೋರಾಗಿ ಏರುವುದು ನಡುವಿನಲ್ಲಿ, ಹಾಗಾಗಿ ಈ 27 ಮೀಟರ್ ವ್ಯತ್ಯಾಸ ಏರುವ-ಇಳಿಯುವ ವೇಗ ತೋರಿಸುವ ವೇರಿಯೋಮೀಟರಲ್ಲಿ ಚೆನ್ನಾಗಿ ಕಾಣುತ್ತದೆ. ಒಳಗೆ ಮೊದಲೇ ಇನ್ನೊಂದು ಗ್ಲೈಡರ್ ಇದ್ದರೆ ಅದು ಸುತ್ತುವ ದಿಕ್ಕಿನಲ್ಲೇ ನೀವೂ ಸುತ್ತಬೇಕು.